‘ಪಾಸಿಟಿವ್’ ಎಂದ ಮಾತ್ರಕ್ಕೆ ರೋಗವಲ್ಲ
ಮಣ್ಣು, ಮಾಂಸ, ಬೆಕ್ಕಿನ ಮಲದಿಂದ ಬರುವ ಟಾಕ್ಸೊಪ್ಲಾಸ್ಮಾ ಸೋಂಕು ಮತ್ತು ಅದರ ರಕ್ತಪರೀಕ್ಷೆ



ನಮ್ಮ ಮನೆಗಳಲ್ಲಿ ಮಗಳೋ ಸೊಸೆಯೋ ಬಸುರಿಯಾದರೆ ಕಾಸರಗೋಡಿಗೋ ಮಂಗಳೂರಿಗೋ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ ಬರುವುದು ವಾಡಿಕೆ. ರಕ್ತ, ಮೂತ್ರ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಸಂಜೆಗೆ ಕೈಗೆ ಸಿಗುವ ಕಾಗದಗಳ ನಡುವೆ ಕೆಲವೊಮ್ಮೆ ‘ಟಾರ್ಚ್’ ಎಂಬ ಹೆಸರಿನ ಒಂದು ಪಟ್ಟಿಯೂ ಇರುತ್ತದೆ. ಅದರ ಮೊದಲ ಸಾಲಿನಲ್ಲಿಯೇ ‘ಟಾಕ್ಸೊಪ್ಲಾಸ್ಮಾ’ ಎಂಬ ನಾಲಗೆಗೆ ಕಷ್ಟದ ಹೆಸರು. ಅದರ ಮುಂದೆ ‘ಪಾಸಿಟಿವ್’ ಎಂದು ಅಚ್ಚಾಗಿದ್ದರೆ ಮನೆಯವರ ನಿದ್ದೆ ಕೆಡಲು ಅಷ್ಟೇ ಸಾಕು. ಇದು ಬೆಕ್ಕಿನಿಂದ ಬರುವ ರೋಗವಂತೆ, ಮಗುವಿಗೆ ಕಣ್ಣು ಕಾಣುವುದಿಲ್ಲವಂತೆ, ತಲೆ ದೊಡ್ಡದಾಗುತ್ತದಂತೆ ಎಂದು ನೆರೆಹೊರೆಯವರು ಕೇಳಿದ್ದನ್ನೆಲ್ಲ ಹೇಳುತ್ತಾರೆ. ಮನೆಯ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ದೂರ ಬಿಟ್ಟು ಬರುವವರಿದ್ದಾರೆ. ಈ ಗರ್ಭವೇ ಬೇಡವೆಂಬ ಮಾತಿನವರೆಗೂ ಹೋಗುವವರಿದ್ದಾರೆ.

ಆದ್ದರಿಂದ ಈ ಸಲದ ಅಂಕಣದಲ್ಲಿ ಈ ಪರೀಕ್ಷೆಯ ವಿಷಯವನ್ನೇ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಈ ರಕ್ತಪರೀಕ್ಷೆ ರೋಗವನ್ನು ನೇರವಾಗಿ ತೋರಿಸುವುದಿಲ್ಲ. ಈ ರೋಗಾಣು ಎಂದಾದರೂ ನಮ್ಮ ದೇಹವನ್ನು ಹೊಕ್ಕಿತ್ತೇ, ಹೊಕ್ಕಿದ್ದರೆ ಸುಮಾರು ಯಾವಾಗ ಎಂಬುದಕ್ಕೆ ಅದು ಸಾಕ್ಷಿ ಹೇಳುತ್ತದೆ, ಅಷ್ಟೇ. ಸಾಕ್ಷಿಯ ಮಾತನ್ನು ಸರಿಯಾಗಿ ಕೇಳದೆ ತೀರ್ಪು ಕೊಡಬಾರದು.

ಏನಿದು ಟಾಕ್ಸೊಪ್ಲಾಸ್ಮಾ?

ಇದು ಬರಿಗಣ್ಣಿಗೆ ಕಾಣದ, ಒಂದೇ ಜೀವಕೋಶದ ಪರಾವಲಂಬಿ ಜೀವಿ. ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ; ಮಲೇರಿಯಾ ರೋಗಾಣುವಿನ ದೂರದ ಸಂಬಂಧಿ ಎನ್ನಬಹುದು. 1908ರಲ್ಲಿ ಟ್ಯುನಿಸ್‌ನಲ್ಲಿ ನಿಕೋಲ್ ಮತ್ತು ಮಾಂಸೋ ಎಂಬ ವಿಜ್ಞಾನಿಗಳು ‘ಗುಂಡಿ’ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಇದನ್ನು ಕಂಡರು. ಬಿಲ್ಲಿನಂತೆ ಬಾಗಿದ ಆಕಾರದಿಂದ ಇದಕ್ಕೆ ಈ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ‘ಟಾಕ್ಸಾನ್’ ಎಂದರೆ ಬಿಲ್ಲು.

ರೋಗಾಣು ಪತ್ತೆಯಾದರೂ ಅದು ಹರಡುವ ದಾರಿ ಪೂರ್ತಿಯಾಗಿ ತಿಳಿಯಲು ಮತ್ತೆ 60 ವರ್ಷಗಳೇ ಬೇಕಾದವು. ಬೆಕ್ಕು ಮತ್ತು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ ಇದು ‘ಮೊಟ್ಟೆ’ಯಂತಹ ಗಟ್ಟಿ ಕೋಶಗಳನ್ನು ಉಂಟುಮಾಡುತ್ತದೆ ಎಂಬುದು 1970ರ ಸುಮಾರಿಗೆ ಸ್ಪಷ್ಟವಾಯಿತು. ಅದನ್ನು ತಿಳಿಸಿಕೊಟ್ಟವರಲ್ಲಿ ಭಾರತದಲ್ಲಿ ಹುಟ್ಟಿ ಇಲ್ಲಿಯೇ ಪಶುವೈದ್ಯ ಶಿಕ್ಷಣ ಪಡೆದ ಜೆ. ಪಿ. ದುಬೆ ಅವರೂ ಒಬ್ಬರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಸೋಂಕು ತಗಲಿದ ಇಲಿ, ಹಕ್ಕಿಗಳನ್ನು ತಿಂದ ಬೆಕ್ಕಿಗೆ ಈ ರೋಗಾಣು ಸೇರುತ್ತದೆ. ಅನಂತರ ಒಂದರಿಂದ ಮೂರು ವಾರಗಳ ಕಾಲ ಅದರ ಮಲದಲ್ಲಿ ಲಕ್ಷಗಟ್ಟಲೆ ಕೋಶಗಳು ಹೊರಬೀಳುತ್ತವೆ. ಸಾಮಾನ್ಯವಾಗಿ ಒಂದು ಬೆಕ್ಕಿನ ಆಯುಷ್ಯದಲ್ಲಿ ಇದು ನಡೆಯುವುದು ಒಮ್ಮೆ ಮಾತ್ರ, ಅದೂ ಹೆಚ್ಚಾಗಿ ಎಳೆಯ ಪ್ರಾಯದಲ್ಲಿ. ಆದರೆ ಹೀಗೆ ಬಿದ್ದ ಕೋಶಗಳು ತೇವವಿರುವ, ನೆರಳಿನ ಮಣ್ಣಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿರಬಲ್ಲವು. ತೇವ ಮತ್ತು ನೆರಳು ಎಂದಾಗ ನಮ್ಮ ಅಡಿಕೆ ತೋಟಗಳು ನೆನಪಾಗದೆ ಇರುವುದಿಲ್ಲ.

ನಮ್ಮವರಿಗೆ ತಗಲುವ ದಾರಿಗಳು

ಬೆಕ್ಕನ್ನು ಮುಟ್ಟಿದ್ದರಿಂದ, ಸವರಿದ್ದರಿಂದ ಈ ಸೋಂಕು ಬರುವುದು ಅಪರೂಪ. ಅದು ದೇಹಕ್ಕೆ ಸೇರುವುದು ಮುಖ್ಯವಾಗಿ ಬಾಯಿಯ ಮೂಲಕ. ಬೆಕ್ಕು ಮಲ ಹೂತಿಟ್ಟ ಮಣ್ಣಿನಲ್ಲಿ ಬಸಳೆ, ಹರಿವೆ ನೆಟ್ಟು, ಕಳೆ ಕಿತ್ತು, ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತಾಗ ಸೇರಬಹುದು. ಮುಳ್ಳುಸೌತೆ, ಕೊತ್ತಂಬರಿ ಸೊಪ್ಪುಗಳನ್ನು ತೊಳೆಯದೆ ಹಸಿಯಾಗಿ ತಿಂದರೆ ಸೇರಬಹುದು. ಮನೆ ಕಟ್ಟಲು ತಂದು ಹಾಕಿದ ಹೊಯ್ಗೆ ರಾಶಿಯೆಂದರೆ ಬೆಕ್ಕಿಗೆ ಬಹಳ ಪ್ರೀತಿ. ಮಕ್ಕಳಿಗೂ ಅಷ್ಟೇ ಪ್ರೀತಿ. ಅಲ್ಲಿ ಆಡಿದ ಕೈ ನೇರ ಬಾಯಿಗೆ ಹೋಗುತ್ತದೆ.

ಎರಡನೆಯ ದಾರಿ ಮಾಂಸ. ಹಂದಿ, ಆಡು, ಕುರಿ ಮುಂತಾದ ಪ್ರಾಣಿಗಳು ಮಣ್ಣು, ಮೇವು, ನೀರಿನ ಮೂಲಕ ಈ ಸೋಂಕು ಪಡೆದರೆ ರೋಗಾಣು ಅವುಗಳ ಮಾಂಸಖಂಡದಲ್ಲಿ ಸಣ್ಣ ಗುಳ್ಳೆಗಳಾಗಿ ಅಡಗಿ ಕುಳಿತಿರುತ್ತದೆ. ನಮ್ಮ ಸಾಂಪ್ರದಾಯಿಕ ಅಡುಗೆಯಲ್ಲಿ ಮಾಂಸವನ್ನು ಚೆನ್ನಾಗಿ ಬೇಯಿಸುವುದರಿಂದ ತಟ್ಟೆಗೆ ಬಂದ ಮಾಂಸದ ಭಯ ಕಡಿಮೆ. ಆದರೆ ಹಬ್ಬ, ಮದುವೆಗಳ ಹಿಂದಿನ ದಿನ ಹಸಿ ಮಾಂಸ ಕೊಯ್ದ ಕೈ, ಮೆಟ್ಟುಕತ್ತಿ, ಮರದ ಹಲಗೆಗಳನ್ನು ಹಾಗೆಯೇ ಈರುಳ್ಳಿ, ಸೌತೆ ಹೆಚ್ಚಲು ಬಳಸುವುದು, ಬೇಯುತ್ತಿರುವಾಗಲೇ ಉಪ್ಪು ಖಾರ ನೋಡಲು ಒಂದು ತುಂಡು ಬಾಯಿಗೆ ಹಾಕಿಕೊಳ್ಳುವುದು ಅಪಾಯಕಾರಿ.

ಮೂರನೆಯದು ನೀರು. ಇದರ ದೊಡ್ಡ ಪಾಠ ಸಿಕ್ಕಿದ್ದು ನಮ್ಮ ರಾಜ್ಯದ ಗಡಿಗೆ ತಾಗಿಕೊಂಡಿರುವ ಕೊಯಮತ್ತೂರಿನಲ್ಲಿ. ಅದನ್ನು ಮುಂದೆ ಹೇಳುತ್ತೇವೆ.

ಯಾರಿಗೆ ತೊಂದರೆ?

ಆರೋಗ್ಯವಂತರಿಗೆ ಈ ಸೋಂಕು ತಗಲಿದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ಕುತ್ತಿಗೆಯಲ್ಲಿ ಗಂಟು ಕಾಣಿಸಿ ತಾನಾಗಿಯೇ ಮಾಯವಾಗುತ್ತದೆ. ಆಮೇಲೆ ರೋಗಾಣು ದೇಹದಲ್ಲಿ ನಿದ್ರಿಸುತ್ತ ಇರುತ್ತದೆ. ದೇಹದ ರಕ್ಷಣಾಶಕ್ತಿ ಅದನ್ನು ಎಚ್ಚರಗೊಳ್ಳಲು ಬಿಡುವುದಿಲ್ಲ.

ನಿಜವಾದ ಅಪಾಯ ಇರುವುದು ಮೂರು ಸಂದರ್ಭಗಳಲ್ಲಿ. ಒಂದು, ಹಿಂದೆ ಎಂದೂ ಸೋಂಕು ಬಾರದ ಸ್ತ್ರೀಗೆ ಬಸುರಿನ ಅವಧಿಯಲ್ಲೇ ಮೊದಲ ಬಾರಿಗೆ ಸೋಂಕು ತಗಲಿದರೆ. ಎರಡು, ಎಚ್.ಐ.ವಿ. ಅಥವಾ ಅಂಗಾಂಗ ಕಸಿಯ ಔಷಧಗಳಿಂದ ದೇಹದ ರಕ್ಷಣಾಶಕ್ತಿ ಕುಂದಿದವರಲ್ಲಿ ಹಳೆಯ ಸೋಂಕು ಮತ್ತೆ ಎಚ್ಚರಗೊಂಡರೆ. ಮೂರು, ರೋಗಾಣು ಕಣ್ಣಿನ ಒಳಪದರಕ್ಕೆ ತಗಲಿದರೆ.

ಬಸುರಿನಲ್ಲಿ ಹೊಸ ಸೋಂಕು ತಗಲಿದರೂ ಎಲ್ಲ ಶಿಶುಗಳಿಗೂ ಅದು ದಾಟುವುದಿಲ್ಲ. ಮೊದಲ ಮೂರು ತಿಂಗಳಲ್ಲಾದರೆ 100ರಲ್ಲಿ 15ಕ್ಕಿಂತ ಕಡಿಮೆ ಶಿಶುಗಳಿಗೆ ದಾಟುತ್ತದೆ. ಆದರೆ ದಾಟಿದರೆ ಹಾನಿ ಹೆಚ್ಚು. ಕೊನೆಯ ಮೂರು ತಿಂಗಳಲ್ಲಾದರೆ ದಾಟುವ ಸಂಭವ 100ರಲ್ಲಿ 60ಕ್ಕೂ ಮೇಲೆ. ಆದರೆ ಹುಟ್ಟುವಾಗ ಹೆಚ್ಚಿನ ಮಕ್ಕಳಲ್ಲಿ ಮೇಲ್ನೋಟಕ್ಕೆ ಏನೂ ಕಾಣಿಸುವುದಿಲ್ಲ. ಬಸುರಿಗೆ ಬಹಳ ಮೊದಲೇ ಸೋಂಕು ಬಂದು ಹೋಗಿದ್ದರೆ, ತಾಯಿ ಆರೋಗ್ಯವಂತಳಾಗಿದ್ದಲ್ಲಿ, ಮಗುವಿಗೆ ಭಯಪಡುವ ಕಾರಣವೇ ಇಲ್ಲ ಎನ್ನಬಹುದು. ಹಳೆಯ ಸೋಂಕು ತಾಯಿಗೂ ಮಗುವಿಗೂ ಒಂದು ಬಗೆಯ ರಕ್ಷಣೆ. ಹಾಗಾಗಿ ‘ಸೋಂಕು ಇದೆಯೇ’ ಎಂಬುದಕ್ಕಿಂತ ‘ಸೋಂಕು ಯಾವಾಗ ತಗಲಿತು’ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಪರೀಕ್ಷೆ ಹುಡುಕುವುದು ಏನನ್ನು?

ಹೊರಗಿನ ರೋಗಾಣು ದೇಹಕ್ಕೆ ನುಗ್ಗಿದಾಗ ಅದನ್ನು ಎದುರಿಸಲು ನಮ್ಮ ರಕ್ತದಲ್ಲಿ ವಿಶೇಷ ಸಸಾರಜನಕ ವಸ್ತುಗಳು ತಯಾರಾಗುತ್ತವೆ. ಇವುಗಳಿಗೆ ‘ಪ್ರತಿಕಾಯ’ಗಳೆಂದು ಹೆಸರು. ಒಂದೊಂದು ರೋಗಾಣುವಿಗೂ ಅದರದೇ ಪ್ರತಿಕಾಯ. ಪ್ರಯೋಗಾಲಯದಲ್ಲಿ ಹುಡುಕುವುದು ಟಾಕ್ಸೊಪ್ಲಾಸ್ಮಾ ರೋಗಾಣುವನ್ನಲ್ಲ, ಅದರ ವಿರುದ್ಧ ತಯಾರಾದ ಈ ಪ್ರತಿಕಾಯಗಳನ್ನು.

ಇಂತಹ ಪರೀಕ್ಷೆಯನ್ನು ಮೊದಲು ರೂಪಿಸಿದವರು 1948ರಲ್ಲಿ ಆಲ್ಬರ್ಟ್ ಸೇಬಿನ್ ಮತ್ತು ಹ್ಯಾರಿ ಫೆಲ್ಡ್‌ಮನ್. ನಮ್ಮ ಮಕ್ಕಳ ಬಾಯಿಗೆ ಹಾಕುವ ಪೋಲಿಯೋ ಹನಿಗಳನ್ನು ಕಂಡುಹಿಡಿದ ಸೇಬಿನ್ ಇವರೇ. ಆ ಪರೀಕ್ಷೆಗೆ ಜೀವಂತ ರೋಗಾಣುಗಳೇ ಬೇಕಾಗಿದ್ದವು. ಹಾಗಾಗಿ ಎಲ್ಲ ಕಡೆ ಮಾಡಲು ಆಗುತ್ತಿರಲಿಲ್ಲ. ಇಂದು ನಮ್ಮ ಪೇಟೆಗಳ ಪ್ರಯೋಗಾಲಯಗಳಲ್ಲಿ ನಡೆಯುವುದು ‘ಎಲೈಸಾ’ ಮತ್ತು ಅದೇ ಜಾತಿಯ, ಯಂತ್ರದಲ್ಲಿ ಮಾಡುವ ಪರೀಕ್ಷೆಗಳು. ತೋಳಿನಿಂದ ಸ್ವಲ್ಪ ರಕ್ತ ತೆಗೆದರೆ ಸಾಕು; ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದಿಲ್ಲ.

ವರದಿಯಲ್ಲಿ ಮುಖ್ಯವಾಗಿ ಎರಡು ಪ್ರತಿಕಾಯಗಳ ಹೆಸರಿರುತ್ತದೆ: ಐಜಿಎಂ ಮತ್ತು ಐಜಿಜಿ. ತೋಟಕ್ಕೆ ಕಾಡುಹಂದಿ ನುಗ್ಗಿತೆಂದು ಬೊಬ್ಬೆ ಹೊಡೆದ ಕೂಡಲೇ ಕೈಗೆ ಸಿಕ್ಕಿದ ದೊಣ್ಣೆ ಹಿಡಿದು ಓಡಿ ಬರುವವರಂತೆ ಐಜಿಎಂ. ಸೋಂಕು ತಗಲಿದ ಒಂದೆರಡು ವಾರದೊಳಗೆ ಅದು ರಕ್ತದಲ್ಲಿ ಕಾಣಿಸುತ್ತದೆ. ಅದರ ಬೆನ್ನಿಗೇ ಬರುವ ಐಜಿಜಿ ಖಾಯಂ ಕಾವಲುಗಾರನ ಹಾಗೆ. ಒಂದೆರಡು ತಿಂಗಳಲ್ಲಿ ಅದು ತುಂಬ ಏರಿ, ಮತ್ತೆ ಸ್ವಲ್ಪ ಇಳಿದು, ಜೀವಮಾನವಿಡೀ ರಕ್ತದಲ್ಲಿ ಉಳಿಯುತ್ತದೆ.

ಐಜಿಎಂ ಕಂಡರೆ ಹೊಸ ಸೋಂಕು, ಐಜಿಜಿ ಕಂಡರೆ ಹಳೆಯದು ಎಂದು ಇಲ್ಲಿಗೆ ಮುಗಿಸುವಂತಿದ್ದರೆ ಎಷ್ಟು ಸುಲಭವಿತ್ತು! ಆದರೆ ಓಡಿ ಬಂದ ಎಲ್ಲರೂ ಹಂದಿ ಓಡಿದ ಕೂಡಲೇ ಮನೆಗೆ ಮರಳುವುದಿಲ್ಲ. ಕೆಲವರ ರಕ್ತದಲ್ಲಿ ಐಜಿಎಂ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮೀರಿ ಉಳಿಯುತ್ತದೆ. ತೊಡಕು ಇರುವುದು ಇಲ್ಲಿಯೇ.

ವರದಿಯನ್ನು ಓದುವ ಬಗೆ

ಬಸುರಿಯ ರಕ್ತದ ವರದಿ ನಾಲ್ಕು ವಿಧವಾಗಿ ಬರಬಹುದು.

1. ಐಜಿಜಿ ಇಲ್ಲ, ಐಜಿಎಂ ಇಲ್ಲ: ಈವರೆಗೆ ಸೋಂಕು ತಗಲಿಲ್ಲ ಎಂದರ್ಥ. ಇದನ್ನು ಕಂಡು ‘ಎಲ್ಲವೂ ಸರಿ’ ಎಂದು ಮರೆತುಬಿಡುವವರೇ ಹೆಚ್ಚು. ನಿಜವಾಗಿ, ಹೆರಿಗೆಯ ತನಕ ಜಾಗ್ರತೆ ವಹಿಸಬೇಕಾದವರು ಇವರೇ. ಇವರಿಗೆ ರಕ್ಷಣೆ ಇಲ್ಲ.

2. ಐಜಿಜಿ ಇದೆ, ಐಜಿಎಂ ಇಲ್ಲ: ಬಸುರಿನ ಮೊದಲ ತಿಂಗಳುಗಳಲ್ಲಿ ಹೀಗೆ ಬಂದರೆ ಇದು ಹಳೆಯ ಸೋಂಕು. ‘ಪಾಸಿಟಿವ್’ ಎಂಬ ಶಬ್ದ ಇದ್ದರೂ ಇದು ಸಮಾಧಾನದ ವರದಿ. ಔಷಧ ಬೇಕಿಲ್ಲ.

3. ಐಜಿಜಿ ಇಲ್ಲ, ಐಜಿಎಂ ಇದೆ: ಒಂದೋ ಸೋಂಕು ಈಗಷ್ಟೇ ತಗಲಿದೆ, ಇಲ್ಲವೇ ಪರೀಕ್ಷೆ ತಪ್ಪಾಗಿ ಹೇಳಿದೆ. ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಆಗ ಐಜಿಜಿ ಹುಟ್ಟಿದ್ದರೆ ಸೋಂಕು ನಿಜ. ಐಜಿಜಿ ಆಗಲೂ ಇಲ್ಲವಾದರೆ ಮೊದಲು ಕಂಡ ಐಜಿಎಂ ಹುಸಿ.

4. ಐಜಿಜಿ ಇದೆ, ಐಜಿಎಂ ಇದೆ: ಸೋಂಕು ಹೊಸದಿರಬಹುದು, ವರ್ಷದ ಹಿಂದಿನದೂ ಇರಬಹುದು. ಈ ಒಂದು ಕಾಗದದಿಂದ ತೀರ್ಮಾನ ಸಾಧ್ಯವಿಲ್ಲ. ಮುಂದಿನ ಪರೀಕ್ಷೆ ಬೇಕೇ ಬೇಕು.

ಎರಡು ಸಲ ಪರೀಕ್ಷೆ ಮಾಡಿಸುವುದಾದರೆ ಒಂದೇ ಪ್ರಯೋಗಾಲಯದಲ್ಲಿ ಮಾಡಿಸುವುದು ಒಳ್ಳೆಯದು. ಒಂದೊಂದು ಕಂಪೆನಿಯ ಪರೀಕ್ಷಾ ಸಾಮಗ್ರಿಗೂ ಅದರದೇ ಅಳತೆ ಇರುತ್ತದೆ. ಕಾಸರಗೋಡಿನ ವರದಿಯ 40ನ್ನು ಮಂಗಳೂರಿನ ವರದಿಯ 90ರೊಂದಿಗೆ ಹೋಲಿಸಿ ‘ಏರಿದೆ’ ಎನ್ನುವುದು ಸೇರಿನಲ್ಲಿ ಅಳೆದ ಅಕ್ಕಿಯನ್ನು ಕಿಲೋದಲ್ಲಿ ತೂಗಿದ ಅಕ್ಕಿಯೊಂದಿಗೆ ಹೋಲಿಸಿದಂತೆ.

ನೂರರಲ್ಲಿ ಎಷ್ಟು ಮಂದಿಗೆ?

ಐಜಿಜಿ ಪಾಸಿಟಿವ್ ಆಗಿರುವುದು ಅಪರೂಪವೇ? ಅಲ್ಲ. ದೇಶದ ಬೇರೆ ಬೇರೆ ಭಾಗಗಳ, ಹೆರುವ ಪ್ರಾಯದ 1464 ಸ್ತ್ರೀಯರ ರಕ್ತ ಪರೀಕ್ಷಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 22.4 ಮಂದಿಯಲ್ಲಿ ಐಜಿಜಿ ಇತ್ತು. ದಕ್ಷಿಣ ಭಾರತದಲ್ಲಿ ಇದು ಇನ್ನೂ ಹೆಚ್ಚು, ಶೇಕಡಾ 37.3. ಆದರೆ ಐಜಿಎಂ ಕಂಡದ್ದು ಒಟ್ಟಿನಲ್ಲಿ ಶೇಕಡಾ 1.43 ಮಂದಿಯಲ್ಲಿ ಮಾತ್ರ. ಎಂದರೆ ದಕ್ಷಿಣದಲ್ಲಿ ಮೂವರು ಹೆಂಗಸರಲ್ಲಿ ಒಬ್ಬರಿಗಾದರೂ ಈ ಸೋಂಕು ಯಾವಾಗಲೋ ಬಂದು, ಸದ್ದಿಲ್ಲದೆ ಹೋಗಿದೆ. ಅವರೆಲ್ಲರೂ ರೋಗಿಗಳಲ್ಲ.

ಐಜಿಎಂ ಏಕೆ ಮೋಸ ಮಾಡುತ್ತದೆ?

ಒಂದು ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗಾಗಿ ಮಾಡಿದ ಲೆಕ್ಕ. 1000 ಬಸುರಿಯರಲ್ಲಿ 5 ಮಂದಿಗೆ ನಿಜವಾಗಿ ಹೊಸ ಸೋಂಕು ಇದೆಯೆಂದಿಟ್ಟುಕೊಳ್ಳಿ. ಪರೀಕ್ಷೆ ಒಳ್ಳೆಯದೇ, ಆದರೂ ಸೋಂಕಿಲ್ಲದ 100 ಮಂದಿಯಲ್ಲಿ ಇಬ್ಬರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಹಾಗಾದರೆ ಸೋಂಕಿಲ್ಲದ 995 ಮಂದಿಯಲ್ಲಿ ಸುಮಾರು 20 ಮಂದಿಗೆ ‘ಪಾಸಿಟಿವ್’ ಬರುತ್ತದೆ. ನಿಜವಾದ 5 ಮಂದಿಯನ್ನು ಸೇರಿಸಿದರೆ ಒಟ್ಟು 25. ಈ 25 ಮನೆಗಳಲ್ಲೂ ಅಳು, ಆತಂಕ. ಆದರೆ 20 ಮನೆಗಳಲ್ಲಿ ಅದಕ್ಕೆ ಕಾರಣವೇ ಇಲ್ಲ! ರೋಗ ಅಪರೂಪವಾದಷ್ಟೂ ಹುಸಿ ವರದಿಗಳ ಪಾಲು ದೊಡ್ಡದಾಗುತ್ತದೆ.

ಇದು ಕೇವಲ ಲೆಕ್ಕದ ಮಾತಲ್ಲ. ಐಜಿಎಂ ವರದಿಯೊಂದನ್ನೇ ನಂಬಿ ಗರ್ಭ ತೆಗೆಸುವ ತೀರ್ಮಾನಕ್ಕೆ ಬರಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ವೈದ್ಯರಿಗೆ ವಿಶೇಷ ಎಚ್ಚರಿಕೆ ನೀಡಬೇಕಾಯಿತು. ಅಲ್ಲಿನ ಪಾಲೊ ಆಲ್ಟೊ ನಗರದ ಪರಿಣತ ಪ್ರಯೋಗಾಲಯವೊಂದರ ಅನುಭವ 2001ರಲ್ಲಿ ಪ್ರಕಟವಾಯಿತು. ಬೇರೆಡೆ ಐಜಿಎಂ ಪಾಸಿಟಿವ್ ಬಂದಿದ್ದ ಬಸುರಿಯರ ರಕ್ತವನ್ನು ಅಲ್ಲಿ ಮತ್ತೆ ವಿವರವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಅವರ ವೈದ್ಯರಿಗೆ ಬಿಡಿಸಿ ಹೇಳಲಾಯಿತು. ಇದರಿಂದ ಅನಗತ್ಯ ಗರ್ಭಪಾತಗಳು ಸುಮಾರು ಅರ್ಧದಷ್ಟು ಕಡಿಮೆಯಾದವು. ಎರಡನೆಯ ಪರೀಕ್ಷೆ ಮತ್ತು ಸರಿಯಾದ ವಿವರಣೆ ಎಷ್ಟೋ ಮಕ್ಕಳ ಜೀವ ಉಳಿಸಿತು. ಜೀವದ ಬೆಲೆ ಬಲ್ಲ ನಾವು ಇದನ್ನು ಮನಸ್ಸಿನಲ್ಲಿಡಬೇಕು.

ಹಿಡಿತದ ಪರೀಕ್ಷೆ

ಐಜಿಜಿ, ಐಜಿಎಂ ಎರಡೂ ಪಾಸಿಟಿವ್ ಬಂದಾಗ ಸಹಾಯಕ್ಕೆ ಬರುವುದು ‘ಅವಿಡಿಟಿ’ ಎಂಬ ಪರೀಕ್ಷೆ. ಇದನ್ನು ನಾವು ಹಿಡಿತದ ಪರೀಕ್ಷೆ ಎಂದು ಕರೆಯಬಹುದು. ಅಡಿಕೆ ಮರ ಹತ್ತಲು ಹೊಸದಾಗಿ ಕಲಿಯುವವನ ಹಿಡಿತ ಸಡಿಲ. ಗಾಳಿ ಬೀಸಿದರೆ ಜಾರುತ್ತಾನೆ. ಹತ್ತಾರು ಕೊಯ್ಲು ಕಂಡವನ ಹಿಡಿತ ಗಟ್ಟಿ. ಮರ ಬಾಗಿಸಿ ಮರದಿಂದ ಮರಕ್ಕೆ ದಾಟಿದರೂ ಜಾರುವುದಿಲ್ಲ. ಐಜಿಜಿಯೂ ಹಾಗೆಯೇ. ಹೊಸ ಸೋಂಕಿನಲ್ಲಿ ಅದು ರೋಗಾಣುವನ್ನು ಸಡಿಲವಾಗಿ ಹಿಡಿಯುತ್ತದೆ. ತಿಂಗಳುಗಳು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಪ್ರಯೋಗಾಲಯದಲ್ಲಿ ಒಂದು ದ್ರಾವಣ ಹಾಕಿ ಆ ಹಿಡಿತವನ್ನು ಬಿಡಿಸಲು ನೋಡುತ್ತಾರೆ.

ಹಿಡಿತ ಬಿಗಿಯಾಗಿದ್ದರೆ ಸೋಂಕು ಕಡಿಮೆಯೆಂದರೂ 3-4 ತಿಂಗಳ ಹಿಂದಿನದು. ಬಸುರಿನ ಮೊದಲ ಮೂರು ತಿಂಗಳಲ್ಲಿ ಈ ಫಲಿತಾಂಶ ಬಂದರೆ ಸೋಂಕು ಬಸುರಿಗೆ ಮೊದಲೇ ಆಗಿತ್ತೆಂದು ಧೈರ್ಯ ತಾಳಬಹುದು. ಆದರೆ ಏಳನೆಯ ತಿಂಗಳಲ್ಲಿ ಇದೇ ಪರೀಕ್ಷೆ ಮಾಡಿಸಿದರೆ ಅಷ್ಟು ಖಚಿತವಾಗಿ ಹೇಳಲಾಗದು. ಆದ್ದರಿಂದ ಪರೀಕ್ಷೆ ಮಾಡಿಸುವುದಿದ್ದರೆ ಬೇಗನೆ ಮಾಡಿಸಬೇಕು. ಇನ್ನೊಂದು ಮಾತು: ಹಿಡಿತ ಸಡಿಲವೆಂದು ಬಂದ ಮಾತ್ರಕ್ಕೆ ಸೋಂಕು ಹೊಸದೆಂದು ತೀರ್ಮಾನಿಸಬಾರದು. ಕೆಲವರಲ್ಲಿ ಹಿಡಿತ ಬಿಗಿಯಾಗಲು ವರ್ಷವೂ ಹಿಡಿಯುತ್ತದೆ.

ಈ ಪರೀಕ್ಷೆ ಎಲ್ಲ ಪೇಟೆಗಳಲ್ಲೂ ಆಗುವುದಿಲ್ಲ. ರಕ್ತದ ಮಾದರಿಯನ್ನು ದೊಡ್ಡ ಪ್ರಯೋಗಾಲಯಗಳಿಗೆ ಕಳುಹಿಸಬೇಕಾಗಬಹುದು. ಕೆಲವು ದಿನ ಕಾಯಬೇಕಾದರೂ ಕಾಯುವುದು ಲೇಸು.

ಹೊಸ ಸೋಂಕು ನಿಜವೆಂದು ಖಚಿತವಾದರೂ ದಾರಿ ಮುಗಿಯಲಿಲ್ಲ. ತಾಯಿಗೆ ಔಷಧಗಳಿವೆ. ಶಿಶುವಿಗೆ ಸೋಂಕು ದಾಟಿದೆಯೇ ಎಂದು 18 ವಾರಗಳ ಅನಂತರ ಗರ್ಭಜಲ ತೆಗೆದು ಪಿಸಿಆರ್ ಪರೀಕ್ಷೆಯಿಂದ ನೋಡಬಹುದು. ಸ್ಕ್ಯಾನಿಂಗ್ ಮೂಲಕ ಶಿಶುವಿನ ತಲೆಯ ಬೆಳವಣಿಗೆಯನ್ನು ಗಮನಿಸಬಹುದು. ಇವೆಲ್ಲ ತಜ್ಞ ವೈದ್ಯರು ಮಾಡಬೇಕಾದ ಕೆಲಸಗಳು.

ಗರ್ಭಪಾತ ಮರುಕಳಿಸಿದವರಿಗೆ

ಎರಡು ಮೂರು ಬಾರಿ ಬಸುರು ನಿಲ್ಲದೆ ನೊಂದ ಸೋದರಿಯರಿಗೆ ‘ಟಾರ್ಚ್’ ಪರೀಕ್ಷೆ ಮಾಡಿಸಿ, ಐಜಿಜಿ ಪಾಸಿಟಿವ್ ಕಂಡು, ಅದುವೇ ಕಾರಣವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವ ವಾಡಿಕೆ ಹಲವೆಡೆ ಇದೆ. ಟಾಕ್ಸೊಪ್ಲಾಸ್ಮಾ ಹೊಸದಾಗಿ ತಗಲಿದಾಗ ಒಂದು ಗರ್ಭಕ್ಕೆ ಹಾನಿಯಾಗಬಹುದು. ಆದರೆ ಒಮ್ಮೆ ಸೋಂಕು ಬಂದು ರಕ್ಷಣೆ ಹುಟ್ಟಿದ ಮೇಲೆ ಅದೇ ಸೋಂಕು ಮತ್ತೆ ಮತ್ತೆ ಗರ್ಭವನ್ನು ಕೆಡಿಸುವುದಿಲ್ಲ. ಆದ್ದರಿಂದ ಮರುಕಳಿಸುವ ಗರ್ಭಪಾತಕ್ಕೆ ಈ ಪಟ್ಟಿಯ ಪರೀಕ್ಷೆಯನ್ನು ಮಾಡಿಸುವುದರಿಂದ ಪ್ರಯೋಜನವಿಲ್ಲವೆಂಬುದು ತಜ್ಞರ ಅಭಿಪ್ರಾಯ. ಥೈರಾಯಿಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರ, ರಕ್ತ ಹೆಪ್ಪುಗಟ್ಟುವ ದೋಷ ಮೊದಲಾದ ಬೇರೆ ಕಾರಣಗಳನ್ನು ಹುಡುಕುವುದೇ ಸರಿ. ಬೆಕ್ಕು ಸಾಕಿದ್ದರಿಂದ ಹೀಗಾಯಿತೆಂದು ಆ ಹೆಣ್ಣುಮಗಳನ್ನು ದೂರುವುದು ಅನ್ಯಾಯ.

ಆಸ್ಟ್ರಿಯಾ 1975ರಲ್ಲಿ, ಫ್ರಾನ್ಸ್ 1978ರಲ್ಲಿ ಸ್ತ್ರೀಯರೆಲ್ಲರಿಗೂ ಈ ಪರೀಕ್ಷೆ ಮಾಡುವ ಕ್ರಮವನ್ನು ಆರಂಭಿಸಿದವು. ನಮ್ಮ ದೇಶದಲ್ಲಿ ಎಲ್ಲ ಬಸುರಿಯರಿಗೂ ಇದು ಕಡ್ಡಾಯವಲ್ಲ. ಯಾರಿಗೆ, ಯಾವಾಗ ಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಹುಟ್ಟಿದ ಮಗುವಿನ ರಕ್ತ

ತಾಯಿಯ ಐಜಿಜಿ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ದಾಟುತ್ತದೆ. ಹಾಗಾಗಿ ಹುಟ್ಟಿದ ಮಗುವಿನಲ್ಲಿ ಐಜಿಜಿ ಕಂಡರೆ ಅದು ತಾಯಿ ಕೊಟ್ಟ ಬುತ್ತಿಯಷ್ಟೇ ಆಗಿರಬಹುದು. ಆ ಬುತ್ತಿ ತಿಂಗಳು ತಿಂಗಳಿಗೂ ಕಡಿಮೆಯಾಗುತ್ತ ಬಂದು, ಒಂದು ವರ್ಷದೊಳಗೆ ಮುಗಿಯುತ್ತದೆ. ವರ್ಷ ಕಳೆದ ಮೇಲೂ ಐಜಿಜಿ ಉಳಿದಿದ್ದರೆ ಅದು ಮಗುವಿನದೇ ಸಂಪಾದನೆ. ಎಂದರೆ ಮಗುವಿಗೆ ಸೋಂಕು ಆಗಿತ್ತು. ಐಜಿಎಂ ಮತ್ತು ಐಜಿಎ ಎಂಬ ಪ್ರತಿಕಾಯಗಳು ಮಾಸನ್ನು ದಾಟುವುದಿಲ್ಲ. ಅವು ಮಗುವಿನ ರಕ್ತದಲ್ಲಿ ಕಂಡರೆ ಸೋಂಕಿನ ಸಂಶಯ ಬಲವಾಗುತ್ತದೆ. ಅಂತಹ ಮಕ್ಕಳ ಕಣ್ಣು, ಕಿವಿ, ತಲೆಯನ್ನು ಪರೀಕ್ಷಿಸಿ ಒಂದು ವರ್ಷದವರೆಗೆ ಔಷಧ ಕೊಡುವ ಕ್ರಮವಿದೆ. ಬೇಗ ತಿಳಿದರೆ ಕಣ್ಣಿನ ದೃಷ್ಟಿ ಉಳಿಸಲು ಸಾಧ್ಯ.

ಎಂಡೋಸಲ್ಫಾನ್‌ನ ನೋವು ಉಂಡ ಜಿಲ್ಲೆ ನಮ್ಮದು. ಮಗುವಿನ ತಲೆ ದೊಡ್ಡದಾಗಿ ಕಂಡರೆ ನಮ್ಮ ಮನಸ್ಸು ಮೊದಲು ಅತ್ತ ಹೋಗುವುದು ಸಹಜ. ಆದರೆ ಅಂತಹ ಲಕ್ಷಣಕ್ಕೆ ಕಾರಣಗಳು ಹಲವು. ಚಿಕಿತ್ಸೆ ಇರುವ ಒಂದು ಸೋಂಕು ಆ ಗುಂಪಿನಲ್ಲಿ ಕಣ್ತಪ್ಪಿ ಹೋಗದಿರಲು ರಕ್ತಪರೀಕ್ಷೆ ನೆರವಾಗುತ್ತದೆ.

ಕೊಯಮತ್ತೂರಿನ ಪಾಠ

ಪಾಲಕ್ಕಾಡು ದಾಟಿದರೆ ಸಿಗುವ ಕೊಯಮತ್ತೂರಿನಲ್ಲಿ 2004-05ರಲ್ಲಿ ಒಂದು ವಿಚಿತ್ರ ನಡೆಯಿತು. ದೃಷ್ಟಿ ಮಂಜಾಗಿದೆ ಎಂದು ಹೇಳುತ್ತ ಒಬ್ಬರ ಹಿಂದೆ ಒಬ್ಬರಂತೆ ಜನರು ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಗೆ ಬರತೊಡಗಿದರು. ಕಣ್ಣಿನ ಹಿಂಪದರದಲ್ಲಿ ಟಾಕ್ಸೊಪ್ಲಾಸ್ಮಾದ ಹುಣ್ಣು ಕಂಡಿತು. ಸಾಮಾನ್ಯವಾಗಿ ಇಂತಹ ಹುಣ್ಣು ಹಳೆಯ ಕಲೆಯ ಪಕ್ಕದಲ್ಲಿ ಏಳುತ್ತದೆ. ಇಲ್ಲಿ ಹಾಗಿರಲಿಲ್ಲ, ಪ್ರತಿಕಾಯಗಳ ಪರೀಕ್ಷೆಯೂ ಇದು ಹೊಸದಾಗಿ ತಗಲಿದ ಸೋಂಕೆಂಬುದರ ಕಡೆ ಬೆರಳು ತೋರಿಸಿತು. ಈ ಪಿಡುಗಿನ 248 ರೋಗಿಗಳ ವಿವರ 2010ರಲ್ಲಿ ಪ್ರಕಟವಾಯಿತು. ಸಂಶಯ ಹೋದದ್ದು ನಗರದ ಕುಡಿಯುವ ನೀರಿನ ಮೇಲೆ.

ನೀರಿಗೆ ಹಾಕುವ ಕ್ಲೋರಿನ್‌ನಿಂದ ಈ ಗಟ್ಟಿ ಕೋಶಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೂ ನೀರು ಕುದಿಸಿ ಕುಡಿಯಬೇಕೆಂದು ಹೇಳುವುದಕ್ಕೆ ಇದೂ ಒಂದು ಕಾರಣ. ಸುರಂಗದ ನೀರು ಬೆಟ್ಟದೊಳಗಿನಿಂದ ಬರುವಾಗ ಎಷ್ಟೇ ಶುದ್ಧವಿದ್ದರೂ, ಅದು ಬಂದು ಬೀಳುವ ತೊಟ್ಟಿ ಬಾಯ್ದೆರೆದುಕೊಂಡಿದ್ದರೆ ಪ್ರಯೋಜನವಿಲ್ಲ. ತೊಟ್ಟಿಗೆ ಮುಚ್ಚಳ, ಬಾವಿಗೆ ಕಟ್ಟೆ ಮತ್ತು ಬಲೆ ಇರಲಿ.

ಕಣ್ಣಿನ ವಿಷಯದಲ್ಲಿ ಒಂದು ಸೂಚನೆ: ರಕ್ತದಲ್ಲಿ ಐಜಿಜಿ ಇಲ್ಲವೆಂದಾದರೆ ಕಣ್ಣಿನ ತೊಂದರೆಗೆ ಟಾಕ್ಸೊಪ್ಲಾಸ್ಮಾ ಕಾರಣವಾಗಿರುವ ಸಂಭವ ತೀರಾ ಕಡಿಮೆ. ಇದೆಯೆಂದ ಮಾತ್ರಕ್ಕೆ ಅದೇ ಕಾರಣವೆಂದೂ ಅಲ್ಲ. ಕಣ್ಣಿನ ವೈದ್ಯರು ನೋಡಿಯೇ ಹೇಳಬೇಕು. ಹಾಗೆಯೇ ಎಚ್.ಐ.ವಿ. ಇರುವವರು ಆರಂಭದಲ್ಲೇ ಐಜಿಜಿ ಪರೀಕ್ಷೆ ಮಾಡಿಸಿದ್ದರೆ, ರಕ್ಷಣಾಶಕ್ತಿ ತೀರಾ ಕುಂದಿದಾಗ ಮೆದುಳಿಗೆ ಈ ರೋಗ ತಗಲದಂತೆ ಮುಂಜಾಗ್ರತೆಯ ಮಾತ್ರೆ ಕೊಡಬಹುದು.

ಬೆಕ್ಕನ್ನು ಓಡಿಸಬೇಕೇ?

ಬೇಡ. ಬೆಕ್ಕು ಹೋದರೆ ಇಲಿ ಬರುತ್ತದೆ. ಇಲಿ ಬಂದರೆ ಎಳನೀರು, ಕೊಕ್ಕೋ ಕೋಡು ಹಾಳು. ಜೊತೆಗೆ ಮಳೆಗಾಲದಲ್ಲಿ ಇಲಿಜ್ವರದ ಭಯ. ಇಲಿಜ್ವರ ಕೇರಳದಲ್ಲಿ ವರ್ಷವೂ ಜೀವ ತೆಗೆಯುತ್ತಿದೆ. ಮಾಡಬೇಕಾದ್ದು ಇಷ್ಟೇ:

- ಬಸುರಿ ಬೆಕ್ಕಿನ ಮಲ ಎತ್ತುವುದು ಬೇಡ. ಮನೆಯ ಬೇರೆಯವರು ದಿನಾಲೂ ಎತ್ತಿ ಆಳವಾಗಿ ಹೂಳಲಿ. ಹೊಸ ಮಲದಲ್ಲಿರುವ ಕೋಶಗಳಿಗೆ ರೋಗ ಹರಡುವ ಶಕ್ತಿ ಬರಲು ಒಂದು ದಿನವಾದರೂ ಬೇಕು.
- ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಬೇಯಿಸಿದ್ದನ್ನು ಕೊಡಿ.
- ತೋಟ, ತರಕಾರಿ ಸಾಲಿನ ಕೆಲಸಕ್ಕೆ ಕೈಗವಸು ಒಳ್ಳೆಯದು. ಕೆಲಸದ ಅನಂತರ ಸಾಬೂನಿನಿಂದ, ಉಗುರಿನ ಸಂದಿಯವರೆಗೂ ತೊಳೆಯಬೇಕು.
- ಹಸಿ ತಿನ್ನುವ ತರಕಾರಿ, ಸೊಪ್ಪುಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.
- ಹಂದಿ, ಆಡಿನ ಮಾಂಸವನ್ನು ಒಳಗಿನ ಕೆಂಪು ಪೂರ್ತಿ ಹೋಗುವವರೆಗೆ ಬೇಯಿಸಿ. ಬೇಯುವ ಮೊದಲು ರುಚಿ ನೋಡಬೇಡಿ. ಮೆಟ್ಟುಕತ್ತಿ, ಹಲಗೆಗಳನ್ನು ಸಾಬೂನು ಹಾಕಿ ತೊಳೆದೇ ತರಕಾರಿಗೆ ಬಳಸಿ.
- ಆಡಿನ ಹಾಲನ್ನು ಕಾಯಿಸದೆ ಕುಡಿಯಬೇಡಿ.
- ಆಡು ಕಂದು ಹಾಕಿದರೆ ಬಸುರಿ ಅದರ ಹತ್ತಿರ ಹೋಗುವುದು ಬೇಡ. ಮಾಸು, ಸತ್ತ ಮರಿಗಳನ್ನು ಕೈಗವಸು ಹಾಕಿ ಆಳವಾಗಿ ಹೂತು, ಪಶುವೈದ್ಯರಿಗೆ ತಿಳಿಸಿ.
- ಹೊಯ್ಗೆ ರಾಶಿಯನ್ನು ಟಾರ್ಪಾಲು ಹಾಕಿ ಮುಚ್ಚಿಡಿ.

ವೈದ್ಯರಲ್ಲಿ ಕೇಳಿರಿ

ವರದಿ ಕೈಗೆ ಬಂದಾಗ ಸಂಕೋಚ ಬೇಡ. ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಪಾಸಿಟಿವ್ ಬಂದದ್ದು ಐಜಿಜಿಯೋ ಐಜಿಎಂಯೋ? ಎರಡು ಮೂರು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕೇ? ಹಿಡಿತದ ಪರೀಕ್ಷೆ ಮಾಡಿಸಬಹುದೇ? ಸೋಂಕು ಬಸುರಿಗೆ ಮೊದಲಿನದೋ ಅನಂತರದ್ದೋ? ಹಳೆಯ ವರದಿಗಳಿದ್ದರೆ ಬಿಸಾಡದೆ ಕೊಂಡುಹೋಗಿ. ಮೊದಲ ಹೆರಿಗೆಯ ಕಾಲದ ಒಂದು ಹಳೆಯ ಕಾಗದದಲ್ಲಿ ‘ಐಜಿಜಿ ಪಾಸಿಟಿವ್’ ಎಂದು ಇದ್ದರೆ, ಈಗಿನ ಸಂಶಯ ಹೆಚ್ಚಾಗಿ ಅಲ್ಲಿಗೇ ಪರಿಹಾರವಾಗುತ್ತದೆ.

ಇಲ್ಲಿ ಬರೆದುದು ತಿಳಿವಳಿಕೆಗಾಗಿ. ವೈದ್ಯರ ಸಲಹೆಗೆ ಬದಲಾಗಿ ಅಲ್ಲ. ಬಸುರಿಯೊಬ್ಬಳು ಇಂತಹ ವರದಿ ಹಿಡಿದು ಬಂದರೆ ಮನೆಯ ಹಿರಿಯರು ಮೊದಲು ಮಾಡಬೇಕಾದ್ದು ಅವಳಿಗೆ ಧೈರ್ಯ ಹೇಳುವುದು. ಅನಂತರ ಎರಡನೆಯ ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು. ಆ ಎರಡನೆಯ ವರದಿ ಬರುವ ತನಕ ಯಾವ ತೀರ್ಮಾನವೂ ಬೇಡ.